ಗೃಹಪಾಠದಲ್ಲಿ ಶೈಥಿಲ್ಯಮಾರ್ಗ: ಒಂದು ಮೀಮಾಂಸೆ

ಒಂದೇ ಪಾತ್ರೆಯ ಸಾರನ್ನುಂಡು, ಒಂದೇ ಚಾಪೆಯ ಮೇಲೆ ಜಗಳವಾಡಿ ಬೆಳೆದ ಇಬ್ಬರು ಒಡಹುಟ್ಟಿದವರು ಒಂದೇ ಮಗ್ಗಿಯನ್ನು ಒಂದೇ ರೀತಿಯಲ್ಲಿ ಏಕೆ ಕಲಿಯಲಾರರೆಂಬ ಪ್ರಶ್ನೆಯು ತಂದೆತಾಯಿಗಳೆಂಬ ಜಾತಿಯಷ್ಟೇ ಪುರಾತನವಾದುದಾದರೂ, ಅದನ್ನು ಶಾಸ್ತ್ರದೃಷ್ಟಿಯಿಂದ ವಿಚಾರಿಸುವ ಯೋಗವು ಬೆಂಗಳೂರಿನ ಬಾಡಿಗೆಮನೆಯ ನನ್ನಂಥ ಅಲ್ಪಜ್ಞನಿಗೆ ಒದಗಿದುದನ್ನು ಪೂರ್ವಜನ್ಮದ ಸುಕೃತವೆನ್ನಬೇಕೋ, ಶಾಲೆಯ ಬಸ್ಸು ಬೆಳಗಿನ ಆರೂಮುಕ್ಕಾಲಿಗೇ ಬರುತ್ತಿದ್ದುದರ ಫಲವೆನ್ನಬೇಕೋ ನಾನರಿಯೆ. ಶಿಷ್ಯರು ಇಬ್ಬರು. ಹತ್ತು ವರ್ಷದ ಮಗಳು ಪುಸ್ತಕವನ್ನು ನೀರಿನ ಚೊಂಬಿಗೆ ಒರಗಿಸಿಕೊಂಡಲ್ಲದೆ ಇಡ್ಲಿಯನ್ನು ಮುಟ್ಟಳು. ಏಳು ವರ್ಷದ ಮಗನು ಸೋಫಾದಿಂದ ತಲೆಕೆಳಗಾಗಿ ಜೋತುಬಿದ್ದಲ್ಲದೆ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳನು.

ಈ ಶಾಸ್ತ್ರದ ಆದ್ಯಾಚಾರ್ಯನು ಪಂಚತಂತ್ರದ ವಿಷ್ಣುಶರ್ಮನೆಂಬುದು ನನ್ನ ದೃಢವಾದ ಮತ. ಅಮರಶಕ್ತಿರಾಜನ ಮಕ್ಕಳಾದ ಬಹುಶಕ್ತಿ, ಉಗ್ರಶಕ್ತಿ, ಅನಂತಶಕ್ತಿಯೆಂಬ ಮೂವರು ಮಂದಮತಿಗಳನ್ನು ಆರೇ ತಿಂಗಳಲ್ಲಿ ನೀತಿಕೋವಿದರನ್ನಾಗಿ ಮಾಡುವೆನೆಂದು ಪಣತೊಟ್ಟ ಆ ವೃದ್ಧನು ಮೂವರಿಗೂ ಹೇಳಿದುದು ಅದೇ ಸಿಂಹ, ಅದೇ ಎತ್ತು, ಅದೇ ನರಿಗಳ ಕತೆಯನ್ನು. ಅವರಲ್ಲಿ ಕಣ್ಣಿನಿಂದ ಕಲಿಯತಕ್ಕವನು ಯಾರು, ಕಿವಿಯಿಂದ ಕಲಿಯತಕ್ಕವನು ಯಾರು, ಅರಮನೆಯ ಕಂಬ ಹತ್ತಿ ಕಲಿಯತಕ್ಕವನು ಯಾರೆಂಬ ವಿಷಯದಲ್ಲಿ ಗ್ರಂಥವು ತಾಳಿರುವ ಗಾಢಮೌನವು ಪಂಡಿತರ ಗಮನವನ್ನು ಸೆಳೆಯದಿರುವುದು ಶೋಚನೀಯ. ಕ್ರಿ.ಶ. 1031ರ ಸುಮಾರಿನಲ್ಲಿ ಇದನ್ನು ಕನ್ನಡಕ್ಕೆ ತಂದ ದುರ್ಗಸಿಂಹನಾದರೋ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನದನ್ನು ಹಿಡಿದನು; ಒಬ್ಬರ ಪಠ್ಯಕ್ರಮ ಮತ್ತೊಬ್ಬರಿಗೆ ಒಗ್ಗದೆಂಬುದಕ್ಕೆ ಇದಕ್ಕಿಂತ ಹಳೆಯ ಕನ್ನಡ ಪ್ರಮಾಣವನ್ನು ನಾನು ಹುಡುಕಿಲ್ಲ, ಹುಡುಕುವ ಉದ್ದೇಶವೂ ಇಲ್ಲ.

ಅರ್ವಾಚೀನರಲ್ಲಿ ಅಮೆರಿಕದ ಜಾನ್ ಹೋಲ್ಟನು 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳಿಗಾಗಿಯೇ ಪತ್ರಿಕೆ ತೆಗೆದನು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗನು ಕಲಿಯುವವರನ್ನು ದೃಶ್ಯ, ಶ್ರವ್ಯ, ವಾಚ್ಯಲೇಖ್ಯ, ಚೇಷ್ಟಾ ಎಂದು ನಾಲ್ಕಾಗಿ ವಿಂಗಡಿಸಿದನು. ನಾಲ್ಕು ಎಂದೊಡನೆ ಈ ದೇಶದಲ್ಲಿ ಹುಟ್ಟಿದವನಿಗೆ ಉಂಟಾಗುವ ನೆಮ್ಮದಿಯನ್ನು ಏನೆಂದು ಬಣ್ಣಿಸಲಿ! ಅಂದೇ ಸಂಜೆ ಚಾರ್ಟು ಕಾಗದ ತಂದು ನಾಲ್ಕು ಮನೆ ಬರೆದು, ಮಗಳನ್ನು ವಾಚ್ಯಲೇಖ್ಯಕ್ಕೂ ಮಗನನ್ನು ಚೇಷ್ಟೆಗೂ ಸೇರಿಸಿ, ಗೋಡೆಗೆ ಅಂಟಿಸಿದೆನು. ನನ್ನ ತಾಯಿ ಕನ್ನಡಕವನ್ನು ಮೂಗಿಗೇರಿಸಿ ಓದಿ, “ಇವನದು ಚೇಷ್ಟೆ ಅನ್ನೋದಕ್ಕೆ ಶಾಸ್ತ್ರ ಬೇರೆ ಬೇಕಿತ್ತೇನೋ?” ಎಂದರು. ಇಂಥ ವಿಂಗಡಣೆಗೆ ಹೊಂದಿಸಿ ಪಾಠ ಹೇಳಿದರೆ ಕಲಿಕೆ ಹೆಚ್ಚುವುದೆಂಬುದಕ್ಕೆ ತಕ್ಕ ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮೊದಲಾದ ನಾಲ್ವರು ಮನಶ್ಶಾಸ್ತ್ರಜ್ಞರು 2008ರಲ್ಲಿಯೇ ಸಾರಿದ್ದ ಸಂಗತಿ ನನಗೆ ತಿಳಿದುದು ಅಂಟು ಒಣಗಿದ ಮೇಲೆ.

ಇನ್ನು ಶೈಥಿಲ್ಯಮಾರ್ಗದ ಲಕ್ಷಣ. ಬೋಧಕನ ಆಲಸ್ಯವನ್ನು ಶಿಷ್ಯನ ಸ್ವಾತಂತ್ರ್ಯವೆಂದು ವ್ಯವಹರಿಸುವ ಮಾರ್ಗವೇ ಶೈಥಿಲ್ಯಮಾರ್ಗ. “ಹಾಗಾದರೆ ಪರೀಕ್ಷೆ?” ಎಂಬುದು ಮಹಡಿಯ ಮನೆಯವರ ಪೂರ್ವಪಕ್ಷ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಗೆ 14 ವರ್ಷ ತುಂಬಿರಬೇಕಾದುದರಿಂದ ಮಗನಿಗೆ ಇನ್ನೂ ಏಳು ವರ್ಷ ಜೋತಾಡಲು ಅವಕಾಶವಿದೆಯೆಂಬುದು ಸಿದ್ಧಾಂತ.

ಮಾರ್ಗವನ್ನು ಪರೀಕ್ಷಿಸಲು ಅಟ್ಟದಿಂದ ಅಳಗುಳಿಮಣೆಯನ್ನು ಇಳಿಸಲಾಯಿತು. ಕುಳಿಗಳು 14, ತಲಾ ನಾಲ್ಕರಂತೆ ಹುಣಸೇಬೀಜ 56. ಮಗಳು ಬೀಜವನ್ನು ಮುಟ್ಟುವ ಮೊದಲು ಕಾಗದದ ಮೇಲೆ ಮಣೆಯ ನಕ್ಷೆ ಬರೆದು, ಯಾವ ಕುಳಿಯಿಂದ ಹೊರಟರೆ ಎಲ್ಲಿ ಬರಿಗುಳಿ ಸಿಕ್ಕೀತು, ಅದನ್ನು ಸವರಿ ಮುಂದಿನದರಲ್ಲಿ ಎಷ್ಟನ್ನು ಬಾಚಬಹುದೆಂದು ಗುಣಿಸತೊಡಗಿದಳು. ಮಗನು ಗುಣಿಸಲಿಲ್ಲ, ಬೀಜಗಳನ್ನು ಅಂಗೈಯಲ್ಲಿ ಕುಲುಕಿ, ತೂಕ ನೋಡಿ, ಸದ್ದು ಕೇಳಿ ಹಾಕುತ್ತ ಹೋದನು. ವರ್ಗೀಕರಣವು ಅಕ್ಷರಶಃ ಸತ್ಯವೆಂದು ನಾನು ಎರಡು ದಿನ ಬೀಗಿದೆನು.

ಮೂರನೆಯ ದಿನ ಹುಡುಗ ಸತತವಾಗಿ ಮೂರಾಟ ಸೋತನು. ಸೋತವನು ಎದ್ದು ಬೀಜಗಳನ್ನೆಲ್ಲ ಹತ್ತು ಹತ್ತರ ಗುಂಪು ಮಾಡಿ ಎಣಿಸಿದನು. 47. ಯುಗಾದಿಯಿಂದ ನಾನು ಹೇಳಿ ಹೇಳಿ ಸೋತಿದ್ದ, ದಶಕ ಕಡ ತರುವ ಕಳೆಯುವ ಲೆಕ್ಕವನ್ನು ಬೆರಳು ಮಡಿಸದೆ ಮಾಡಿ, ಆರು ತಿಂಗಳಿಂದ ಮುಟ್ಟದಿದ್ದ ಪೆನ್ಸಿಲನ್ನು ತಾನಾಗಿಯೇ ಹಿಡಿದು, ನನ್ನ ಚಾರ್ಟಿನ ವಾಚ್ಯಲೇಖ್ಯದ ಮನೆಯೊಳಗೆ ಕೋಣನಷ್ಟು ದಪ್ಪ ಅಕ್ಷರಗಳಲ್ಲಿ ಬರೆದನು: “ಅಕ್ಕ ಮೊಸ 9 ಬಿಜ.” ಇದನ್ನೋದಿದ ವಿದುಷಿಯು ಖಂಡನಗ್ರಂಥವನ್ನು ರಚಿಸಲಿಲ್ಲ, ಮಣೆಯನ್ನೇ ಬೋರಲು ಹಾಕಿ, ತಮ್ಮನ ಜುಟ್ಟು ಹಿಡಿದು, ಸೋಫಾದ ಸುತ್ತ ಎಳೆದಾಡಿದಳು.

ದೀರ್ಘ ಎರಡು ಕಡೆ ಬಿಟ್ಟಿದೆಯೆಂದು ತಿದ್ದಲು ನಾನು ಕೆಂಪು ಪೆನ್ನಿಗಾಗಿ ತಡಕಾಡುತ್ತಿದ್ದಾಗ, ಅಡಿಗೆಮನೆಗೆ ಹೋಗಲೆಂದು ಎದ್ದ ನನ್ನ ತಾಯಿಯ ಸೆರಗಿನ ಗಂಟು ಸಡಿಲಿ, ಟಪಟಪನೆ ಬೀಜಗಳು ನೆಲಕ್ಕುರುಳಿದವು. ಎಣಿಸಿದೆವು. ಒಂಬತ್ತು.