ಚತುಶ್ಚಕ್ರ ಮೀಮಾಂಸೆ

ಮೋಜಿಗೆಂದು ಓಡಿಸುವ ಕ್ವಾಡ್ ಬೈಕಿನ ಶಾಕ್ ಅಬ್ಸಾರ್ಬರ್ ಹೊಂದಿಸುವ ಬಗ್ಗೆ ಇದುವರೆಗೆ ಬಂದಿರುವ ಕೈಪಿಡಿಗಳೆಲ್ಲ ಒಂದೇ ಪ್ರಮಾದದ ಮೇಲೆ ನಿಂತಿವೆ. ಎಡಬಲದ ಸ್ಪ್ರಿಂಗುಗಳನ್ನು ಸಮನಾಗಿ ಬಿಗಿಯಬೇಕು ಎನ್ನುವುದೇ ಆ ಪ್ರಮಾದ. ಜಪಾನಿನಲ್ಲೋ ಅಮೆರಿಕದಲ್ಲೋ ಕೂತು ಬರೆದವರಿಗೆ ಎಡಕ್ಕೂ ಬಲಕ್ಕೂ ಒಂದೇ ನೆಲ ಇದ್ದೀತು, ಕೊಪ್ಪಳ ಸೀಮೆಯಲ್ಲಿ ಇಲ್ಲ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಕ್ವಾಡ್ ಬೈಕಿನ ನಾಲ್ಕು ಗಾಲಿಗಳು ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೇ, ಆದಕಾರಣ ಒಂದೊಂದು ಗಾಲಿಯ ಶಾಕನ್ನೂ ಆಯಾ ತಾಲ್ಲೂಕಿನ ಹದಕ್ಕೆ ಬಿಗಿಯತಕ್ಕದ್ದು. ಪ್ರಮಾಣಗಳಿಗೇನೂ ಬರವಿಲ್ಲ (ಈ ಸೀಮೆಯಲ್ಲಿ ಬರವಿಲ್ಲದ್ದು ಇದೊಂದಕ್ಕೇ). ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು ನಾಲ್ಕೇ ಊರುಗಳ ಮೇಲೆ ಕೂರಿಸಿತು. ಹೋಂಡಾದವರು 1970ರಲ್ಲಿ ಮೂರು ಗಾಲಿಯ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟರು. ಆ ಜಾತಿಯ ಗಾಡಿಗಳು ಮಗುಚಿ ಮಗುಚಿ ಕೊನೆಗೆ 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟವೇ ನಿಂತಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆ ಸರಿಯಾಗಿ ನಾಲ್ಕು ತಾಲ್ಲೂಕುಗಳೊಂದಿಗೆ ಹುಟ್ಟಿತು. ನಡುವಿನ ಒಂಬತ್ತು ವರ್ಷ ಈ ಪಾಠವನ್ನು ಅರಗಿಸಿಕೊಳ್ಳಲು ಹಿಡಿಯಿತೆಂದು ತಿಳಿಯಬಹುದು. 1931ರಲ್ಲಿ ಬೆಳಕಿಗೆ ಬಂದ ಗವಿಮಠದ ಅಶೋಕ ಶಾಸನವಂತೂ ಇದನ್ನು ಎಲ್ಲಿಯೂ ಅಲ್ಲಗಳೆದಿಲ್ಲ.

ಯಾವ ಗಾಲಿ ಯಾವ ತಾಲ್ಲೂಕು ಎಂಬುದರಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಗಂಗಾವತಿ ಮುಂದಿನ ಎಡಗಾಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ತಾಲ್ಲೂಕನ್ನು ಬಲಕ್ಕೆ ಕೂರಿಸುವುದು ಭೂಗೋಳಕ್ಕೆ ಮಾಡುವ ಅಪಚಾರ. ಜಿಲ್ಲಾ ಕೇಂದ್ರವಾದ್ದರಿಂದ ಕೊಪ್ಪಳ ಮುಂದಿನ ಬಲಗಾಲಿ. ಹಿಂದಿನ ಗಾಲಿಗಳು ಯಾವುವೆಂದು ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ, 2002ರ ನಂಜುಂಡಪ್ಪ ವರದಿಯೇ ಕುಷ್ಟಗಿ, ಯಲಬುರ್ಗಾಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಸೇರಿಸಿ ಕೆಲಸ ಹಗುರ ಮಾಡಿದೆ. ಅವೆರಡರಲ್ಲಿ ಎಡ ಯಾವುದು ಬಲ ಯಾವುದು ಎಂಬುದನ್ನು ಆಯಾ ತಾಲ್ಲೂಕಿನವರೇ ಬಗೆಹರಿಸಿಕೊಳ್ಳಲಿ. ಇನ್ನು ಹದದ ಮಾತು. ಗಂಗಾವತಿಯ ಗಾಲಿ ಇಳಿಯುವುದು ಭತ್ತದ ಗದ್ದೆಯ ಕೆಸರಿಗೆ. ಅಲ್ಲಿ ಸ್ಪ್ರಿಂಗು ಸಡಿಲವಿರಲಿ, ಹವಾ ಕಡಿಮೆಯಿರಲಿ. ಕಾರಿನ ಟೈರು 30 ಪಿಎಸ್‌ಐ ಮೇಲೆ ಕೇಳುವಾಗ ಇದಕ್ಕೆ ಐದರ ಆಸುಪಾಸು ಸಾಕು. ಕೊಪ್ಪಳದ ಗಾಲಿಗೆ ಸಿಗುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆ. ಅಷ್ಟು ಹಿರಿಯರ ಎದುರು ಬಿಗಿಯಾಗಿರುವುದು ಉದ್ಧಟತನವಾದೀತು, ಮೆತ್ತಗಿದ್ದರೆ ತಳ ಬಡಿದೀತು. ನಡುವಿನ ಹದವೇ ಲೇಸು. ಯಲಬುರ್ಗಾದ ಎರೆಹೊಲ ಮಾತ್ರ ಶಾಸ್ತ್ರಕಾರರ ಪರೀಕ್ಷೆ. ಬೇಸಿಗೆಯಲ್ಲಿ ಅದು ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಒಂದು ಮಳೆ ಬಿತ್ತೆನ್ನಿ, ಮಣ್ಣು ಟೈರಿಗೆ ಸುತ್ತಿ, ಮಡ್‌ಗಾರ್ಡಿನ ಸಂದಿಯಲ್ಲಿ ಕಿಕ್ಕಿರಿದು, ಗಾಲಿ ತಿರುಗುವುದನ್ನೇ ಬಿಡುತ್ತದೆ. ಆಗ ಶಾಕಿನ ತಿರುಪನ್ನು ಎಷ್ಟು ತಿರುವಿದರೂ ಅಷ್ಟೇ. ಕೆಳಗಿಳಿದು ಕೋಲಿನಿಂದ ಕೆರೆಯುವುದೇ ಅಲ್ಲಿ ಪರಮ ಟ್ಯೂನಿಂಗ್.

ಆದರೆ ಸ್ಪ್ರಿಂಗಿನ ಬಿಗಿ ಸಡಿಲಕ್ಕಿಂತ ಸೂಕ್ಷ್ಮವಾದದ್ದು ರಿಬೌಂಡ್. ಕುಸಿದ ಶಾಕು ಎಷ್ಟು ಬೇಗ ಮೇಲೇಳಬೇಕು ಎಂಬುದನ್ನು ಒಳಗಿನ ಎಣ್ಣೆ, ಅದು ನುಸುಳುವ ಸಣ್ಣ ರಂಧ್ರದ ಮೂಲಕ ನಿರ್ಧರಿಸುತ್ತದೆ. ರಂಧ್ರ ತೀರಾ ಬಿಗಿಯಾದರೆ ಶಾಕು ಮೇಲೇಳುವಷ್ಟರಲ್ಲಿ ಎರಡನೇ ಗುಂಡಿ ಬಂದಿರುತ್ತದೆ, ಇನ್ನಷ್ಟು ಕುಸಿಯುತ್ತದೆ, ಮೂರನೆಯದಕ್ಕೆ ಪೂರ್ತಿ ನೆಲ ಹಿಡಿಯುತ್ತದೆ. ಒಂದು ಬರದಿಂದ ಎದ್ದು ಕೂರುವ ಮುನ್ನ ಮತ್ತೊಂದು ಬರ ಕಂಡ ಕುಷ್ಟಗಿಯ ರೈತನಿಗೆ ಇದನ್ನು ಚಿತ್ರ ಬರೆದು ತಿಳಿಸಬೇಕಾಗಿಲ್ಲ. ಗಂಗಾವತಿಯ ಶಾಕಿನಲ್ಲಿ ಕಾಲುವೆಯ ನೀರೇ ಎಣ್ಣೆ. ಏರಿಳಿತಗಳನ್ನು ಅದು ನುಂಗಿಕೊಳ್ಳುತ್ತದೆ. ಹಿಂದಿನ ಎರಡರಲ್ಲಿ ಇರುವುದು ಬರೀ ಸ್ಪ್ರಿಂಗು, ಮಳೆ ಬಂದರೆ ಎಗರುತ್ತದೆ, ಕೈ ಕೊಟ್ಟರೆ ತಳ ಬಡಿಯುತ್ತದೆ. ಜಿಲ್ಲೆಯ ಸರಾಸರಿ ಎಂಬ ಒಂದೇ ಪಾನಾ ಹಿಡಿದು ನಾಲ್ಕಕ್ಕೂ ಒಂದೇ ಸುತ್ತು ತಿರುವುವವರ ಮೇಲೆ ಈ ಲೇಖಕನ ಆಕ್ಷೇಪ ಇದೇ. ಸರಾಸರಿಯ ಮೇಲೆ ಗಾಡಿ ನಿಲ್ಲಬಹುದು, ಓಡುವುದಿಲ್ಲ.

ಒಂದೇ ಗಾಡಿ ಏಕಕಾಲಕ್ಕೆ ನಾಲ್ಕು ತಾಲ್ಲೂಕಿನಲ್ಲಿ ಓಡುವುದುಂಟೆ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಅಂಕಿಅಂಶಗಳಲ್ಲಿ ಜಿಲ್ಲೆ ನಿತ್ಯ ಓಡುವುದೇ ಹಾಗೆ, ಅದಕ್ಕೆ ಯಾರೂ ತಡೆ ಹಾಕಿಲ್ಲ. ಕನಕಗಿರಿ, ಕಾರಟಗಿ, ಕುಕನೂರು ಸೇರಿ ಈಗ ಏಳಾಗಿವೆಯಲ್ಲ ಎಂಬುದು ಇನ್ನೊಂದು ತಕರಾರು. ಹೊಸ ತಾಲ್ಲೂಕು ಬಂದಲ್ಲಿ ಮೊದಲು ಬರುವುದು ಬೋರ್ಡು. ಗಾಲಿ ಬರುವವರೆಗೆ ಸಿದ್ಧಾಂತಕ್ಕೆ ಧಕ್ಕೆಯಿಲ್ಲ. ಕೆಲವು ಸ್ಪೋರ್ಟ್ ಮಾದರಿಗಳಲ್ಲಿ ಹಿಂದಿನ ಎರಡು ಗಾಲಿಗೂ ಒಂದೇ ಅಚ್ಚು, ಒಂದೇ ಶಾಕು ಇರುವುದನ್ನು ತೋರಿಸಿ ನಮ್ಮನ್ನು ಕಟ್ಟಿಹಾಕಲು ನೋಡುವವರು ಅರಿಯದೆ ನಮ್ಮ ಪಕ್ಷವನ್ನೇ ಗಟ್ಟಿ ಮಾಡಿದ್ದಾರೆ: ಹಿಂದಿನವರಿಬ್ಬರಿಗೆ ಸೇರಿ ಒಂದು ಸಾಕೆಂಬ ಮನೋಧರ್ಮ ಕಾರ್ಖಾನೆಗೂ ತಲುಪಿದೆ. ಇನ್ನು ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570 ಭಾರತದಲ್ಲಿ ರಸ್ತೆ ಹತ್ತಿದ್ದು ಟ್ರ್ಯಾಕ್ಟರ್ ಎಂಬ ಲೆಕ್ಕದಲ್ಲಿ. ಹೀಗಾಗಿ ಮೋಜಿನ ಗಾಡಿಗೂ ಬೇಸಾಯಕ್ಕೂ ಏನು ಸಂಬಂಧ ಎನ್ನುವವರಿಗೆ ಉತ್ತರ ಕಾಗದಪತ್ರದಲ್ಲೇ ಇದೆ. ಎಲ್ಲಕ್ಕಿಂತ ತೂಕದ ಆಕ್ಷೇಪ ಚಕ್ಕಡಿಯವರದು: ಸ್ಪ್ರಿಂಗಿಲ್ಲದೆ, ಕಣಿಕಿಯ ಮೇಲೆ ಕೂತು ತಲೆತಲಾಂತರ ಸಾಗಿಲ್ಲವೆ? ಸಾಗಿದ್ದೇನೋ ನಿಜ. ಆದರೆ ಎತ್ತಿಗೆ ಕಣ್ಣಿದೆ, ಕಲ್ಲು ಕಂಡರೆ ಪಕ್ಕಕ್ಕೆ ಸರಿಯುತ್ತದೆ. ಕ್ವಾಡ್ ಬೈಕಿನ ಕಣ್ಣು ಸವಾರನದು, ಅದೋ ಸಾಣಾಪುರದ ಕೆರೆ ಬಂದ ಕೂಡಲೇ ಸೆಲ್ಫಿಯ ಪರದೆಗೆ ಅಂಟಿಕೊಳ್ಳುತ್ತದೆ.

ಬಿಡಿಸಲಾಗದೆ ಉಳಿದಿರುವ ತೊಡಕು ಒಂದೇ. ಸವಾರ ಕೂತಾಗ ಶಾಕು ತನ್ನ ಒಟ್ಟು ಚಲನೆಯ ಮೂರರಲ್ಲೊಂದು ಪಾಲಿನಷ್ಟು ಕುಸಿಯಬೇಕು, 20 ಸೆಂಟಿಮೀಟರಿಗೆ ಆರೇಳು, ಎಂಬುದು ಮೆಕ್ಯಾನಿಕ್‌ಗಳೆಲ್ಲ ಒಪ್ಪುವ ಮಾತು. ಸವಾರನನ್ನು ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಮುಂಚೆ ಕೂರಿಸಿ ಅಳೆಯಬೇಕೋ, ರೊಟ್ಟಿ ಮಾದಲಿ ಉಂಡೆದ್ದ ಮೇಲೋ ಎಂಬುದನ್ನು ಅವರು ಹೇಳಿಲ್ಲ. ತೀರ್ಮಾನವಾಗುವವರೆಗೆ ಪಾನಾ ಜೇಬಿನಲ್ಲೇ ಇರಲಿ.