ಧೀರೋಪೇಕ್ಷಿತ: ಅಮೆರಿಕದ ಕಾಮಿಕ್ಸ್‌ನ ಅಲ್ಪಶಕ್ತರ ಲಕ್ಷಣ ಮೀಮಾಂಸೆ

ನಾಯಕರು ನಾಲ್ಕೇ ಬಗೆ ಎಂದು ಹತ್ತನೆಯ ಶತಮಾನದ ಧನಂಜಯ ತನ್ನ ‘ದಶರೂಪಕ’ದಲ್ಲಿ ಕಟ್ಟುಮಾಡಿ ಹೋದ: ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ. ಆ ಮಹನೀಯನ ಕೈಗೆ ಅಮೆರಿಕದ ಕಾಮಿಕ್ ಪುಸ್ತಕಗಳು ಸಿಕ್ಕಿರಲಿಲ್ಲವಾದ್ದರಿಂದ ಐದನೆಯ ಬಗೆಯೊಂದು ತಪ್ಪಿಹೋಯಿತು. ಈ ಲೋಪವನ್ನು ಸಾವಿರ ವರ್ಷ ತಡವಾಗಿಯಾದರೂ ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಐದನೆಯವನನ್ನು ಧೀರೋಪೇಕ್ಷಿತ ಎಂದು ಕರೆಯತಕ್ಕದ್ದು. ಅವನ ಲಕ್ಷಣ: ಶಕ್ತಿಯುಂಟು, ವೇಷವುಂಟು, ಬಿರುದೂ ಉಂಟು, ಕರೆಯುವವರು ಮಾತ್ರ ಇಲ್ಲ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದವರ ಬಗ್ಗೆ ವಿದ್ವಾಂಸರು ಬೇಕಾದಷ್ಟನ್ನೂ ಬೇಡವಾದಷ್ಟನ್ನೂ ಬರೆದಿರುವುದರಿಂದ ಇಲ್ಲಿ ಅವರಿಗೆ ಬಾಗಿಲು ತೆರೆಯುವ ಜವಾನರ ಪಾತ್ರವಷ್ಟೇ ಸಿಗುತ್ತದೆ.

ಲಕ್ಷಣ ಹೇಳಿದ ಮೇಲೆ ಲಕ್ಷ್ಯ ತೋರಿಸಬೇಕು. ಮೊದಲ ಮರ್ಯಾದೆ ಮ್ಯಾಟರ್-ಈಟರ್ ಲ್ಯಾಡ್‌ಗೆ. ಏನನ್ನು ಬೇಕಾದರೂ ತಿನ್ನಬಲ್ಲ ಹುಡುಗ. 1962ರ ಡಿಸೆಂಬರ್ ತಿಂಗಳ ‘ಅಡ್ವೆಂಚರ್ ಕಾಮಿಕ್ಸ್’ನಲ್ಲಿ ಇವನ ಅವತಾರವಾಯಿತು. ಕಥೆ ಬರೆದವನು ಜೆರ್ರಿ ಸೀಗಲ್, ಅಂದರೆ 1938ರಲ್ಲಿ ಜೋ ಶುಸ್ಟರ್ ಜೊತೆ ಸೇರಿ ಸೂಪರ್‌ಮ್ಯಾನನನ್ನು ಲೋಕಕ್ಕೆ ಕೊಟ್ಟ ಅದೇ ಸೀಗಲ್. ಹುಡುಗನ ತವರು ಬಿಸ್ಮಾಲ್ ಎಂಬ ಗ್ರಹ. ಅಲ್ಲಿ ಸೂಕ್ಷ್ಮಜೀವಿಗಳ ದೆಸೆಯಿಂದ ಆಹಾರವೆಲ್ಲ ಕೆಟ್ಟುಹೋಗಿ, ಜನ ಬೇರೆ ಗತಿಯಿಲ್ಲದೆ ಕಲ್ಲು ಕಬ್ಬಿಣವನ್ನೇ ತಿಂದು ಅರಗಿಸಿಕೊಳ್ಳಲು ಕಲಿತರು. ಊರಿನಲ್ಲಿ ಇದು ಶಕ್ತಿಯೇ ಅಲ್ಲ, ಬೆಳಗಿನ ತಿಂಡಿ. ಪರವೂರಿಗೆ ಬಂದ ಮೇಲೆ ಮಹಿಮೆ. ಪೆಪ್ಟೊ-ಬಿಸ್ಮಾಲ್ ಎಂಬುದು ಅಮೆರಿಕದಲ್ಲಿ ಹೊಟ್ಟೆ ಕೆಟ್ಟವರು ಕುಡಿಯುವ ಔಷಧಿ ಎಂದು ಬಲ್ಲವರಿಗೆ ಗ್ರಹದ ಸ್ಥಳಪುರಾಣ ಹೇಳಬೇಕಿಲ್ಲ. ಮುಂದೆ ಇವನನ್ನು ತಂಡದಿಂದ ಸಾಗಹಾಕಬೇಕಾದಾಗ ಕಥೆಗಾರರು ತವರಿನ ರಾಜಕಾರಣಕ್ಕೆ ಕಳಿಸಿಬಿಟ್ಟರು. ಸಿಕ್ಕಿದ್ದನ್ನೆಲ್ಲ ತಿಂದು ಅರಗಿಸಿಕೊಳ್ಳಬಲ್ಲವನಿಗೆ ಇಷ್ಟು ಸಹಜವಾದ ಉದ್ಯೋಗ ಹುಡುಕಿದವರಿಗೆ ಲೋಕಾನುಭವ ಇರಲಿಲ್ಲ ಎನ್ನುವಂತಿಲ್ಲ.

ಇವನಿದ್ದ ತಂಡದ ಹೆಸರು ‘ಲೀಜನ್ ಆಫ್ ಸೂಪರ್-ಹೀರೋಸ್’, ಕಾಲ ಮೂವತ್ತನೆಯ ಶತಮಾನ, ಸದಸ್ಯರೆಲ್ಲ ಹದಿಹರೆಯದವರು. ಸೇರಬೇಕಾದರೆ ಇನ್ನೊಬ್ಬರಲ್ಲಿಲ್ಲದ ಶಕ್ತಿಯೊಂದು ಇರಬೇಕು, ಸಂದರ್ಶನಕ್ಕೆ ಬರಬೇಕು. ಸಂದರ್ಶನ ಎಂದ ಮೇಲೆ ತಿರಸ್ಕೃತರೂ ಇರಲೇಬೇಕಲ್ಲ! ತಿರಸ್ಕೃತರಲ್ಲಿ ಐವರು 1963ರ ಮಾರ್ಚ್ ಸಂಚಿಕೆಯಲ್ಲಿ ಸೇರಿಕೊಂಡು ಬದಲಿ ವೀರರ ಸಂಘವೊಂದನ್ನು ಕಟ್ಟಿದರು. ಪೋಲಾರ್ ಬಾಯ್ ಚಳಿ ಹುಟ್ಟಿಸುವವನು. ಸಂದರ್ಶನ ಮಾಡಲು ಕೂತವರೇ ನಡುಗಿದರು. ಫೈರ್ ಲ್ಯಾಡ್ ಬಾಯಿಯಿಂದ ಬೆಂಕಿ ಉಗುಳುವವನು. ಅವನಿಂದ ಅಪಾಯ ಶತ್ರುವಿಗೋ ಮಿತ್ರರಿಗೋ ಹೇಳಲಾಗದು. ನೈಟ್ ಗರ್ಲ್‌ಗೆ ಆನೆಬಲ, ಆದರೆ ಕತ್ತಲಲ್ಲಿ ಮಾತ್ರ. ಕ್ಲೋರೊಫಿಲ್ ಕಿಡ್ ಗಿಡಗಳನ್ನು ದಿಢೀರನೆ ಬೆಳೆಸುತ್ತಾನೆ. ಸ್ಟೋನ್ ಬಾಯ್ ಬಯಸಿದ ಕ್ಷಣದಲ್ಲಿ ಕಲ್ಲಾಗುತ್ತಾನೆ, ಕಲ್ಲಾದ ಮೇಲೆ ಅಲ್ಲಾಡುವುದಿಲ್ಲ. ಈ ಕೊನೆಯವನ ಊರಿನಲ್ಲಿ ಆರು ತಿಂಗಳು ರಾತ್ರಿ. ಅಷ್ಟು ಕಾಲ ಜನ ಕಲ್ಲಾಗಿ ನಿದ್ದೆ ಹೋಗುತ್ತಾರೆ. ನಿದ್ದೆಯನ್ನು ಶಕ್ತಿ ಎಂದು ಅರ್ಜಿಯಲ್ಲಿ ಬರೆದುಕೊಂಡು ಬಂದ ಆ ಹುಡುಗನ ಧೈರ್ಯವನ್ನು ಅಲಂಕಾರಶಾಸ್ತ್ರ ಇದುವರೆಗೆ ಗಮನಿಸಿಲ್ಲ.

ಈಗ ಪ್ರಬಂಧದ ಮುಖ್ಯ ಸಿದ್ಧಾಂತ. ಶಕ್ತಿಯಲ್ಲಿ ಅಲ್ಪ, ಮಹತ್ತು ಎಂಬ ಭೇದವೇ ಇಲ್ಲ. ಇರುವುದು ಶಕ್ತಿಗೆ ತಕ್ಕ ಆಪತ್ತು ಬಂದವರು, ಬಾರದವರು ಎಂಬ ಭೇದ ಮಾತ್ರ. ಸೂಪರ್‌ಮ್ಯಾನನಿಗೆ ಪ್ರತಿ ತಿಂಗಳೂ ಬೀಳುವ ವಿಮಾನವೋ ಕುಸಿಯುವ ಸೇತುವೆಯೋ ಸಿದ್ಧವಾಗಿರುತ್ತದೆ. ಧೀರೋಪೇಕ್ಷಿತನ ಆಪತ್ತನ್ನು ಮಾತ್ರ ಕಥೆಗಾರ ಇನ್ನೂ ಬರೆದಿಲ್ಲ.

ಪ್ರಮಾಣ ಕೇಳುವವರಿಗೆ ಕಲರ್ ಕಿಡ್‌ನನ್ನು ತೋರಿಸುತ್ತೇನೆ. ಇವನ ಸಾಮರ್ಥ್ಯವೆಲ್ಲ ವಸ್ತುಗಳ ಬಣ್ಣ ಬದಲಿಸುವುದರಲ್ಲಿ. ಸುಣ್ಣ ಬಳಿಯುವವರಿಗೆ ಪೈಪೋಟಿ ಎಂದು ನಕ್ಕವರುಂಟು. 1966ರಲ್ಲಿ ಹಸಿರು ಕ್ರಿಪ್ಟೊನೈಟ್‌ನ ಮೋಡವೊಂದು ಭೂಮಿಯನ್ನು ಮುಸುಕಿತು. ಆ ವಿಷಕ್ಕೆ ಅಂಜಿ ಸೂಪರ್‌ಬಾಯ್, ಸೂಪರ್‌ಗರ್ಲ್ ಇಬ್ಬರೂ ಗಂಟುಮೂಟೆ ಕಟ್ಟಬೇಕಾಯಿತು. ಬೆಟ್ಟ ಎತ್ತುವವರು, ಬೆಳಕನ್ನು ಮೀರಿ ಓಡುವವರು ಎಲ್ಲರೂ ಕೈಚೆಲ್ಲಿ ಕೂತಾಗ ಕಲರ್ ಕಿಡ್ ಬಂದು ಮೋಡದ ಬಣ್ಣ ಬದಲಿಸಿದ. ಹಸಿರು ಹೋದೊಡನೆ ವಿಷವೂ ಹೋಯಿತು. ಮ್ಯಾಟರ್-ಈಟರ್‌ಗೂ ಅಂಥ ದಿನ ಬಂತು: ಯೋಚಿಸಿದ್ದನ್ನೆಲ್ಲ ನಿಜಮಾಡುವ ‘ಮಿರಾಕಲ್ ಮೆಷೀನ್’ ಎಂಬ ಯಂತ್ರದಿಂದ ವಿಶ್ವಕ್ಕೇ ಗಂಡಾಂತರ ಒದಗಿದಾಗ ಇವನು ಅದನ್ನು ತಿಂದುಬಿಟ್ಟ. ತಿಂದು ಹುಚ್ಚನಾದ ಎಂಬುದು ಉಪಕಥೆ.

ಇಲ್ಲಿ ಪೂರ್ವಪಕ್ಷದವರು ಕೆಮ್ಮುತ್ತಾರೆ. ಇವೆಲ್ಲ ತಿಂಗಳು ತಿಂಗಳೂ ಪುಟ ತುಂಬಿಸಬೇಕಾದ ಬರಹಗಾರರ ಆಯಾಸದ ಫಲ, ಇದಕ್ಕೆ ಮೀಮಾಂಸೆ ಯಾಕೆ ಎಂಬುದು ಅವರ ವಾದ. ಆಯಾಸವಿದ್ದದ್ದು ನಿಜ. ಆದರೆ ಆಯಾಸಕ್ಕೂ ಇತಿಹಾಸವಿದೆ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆ ಎಂದು ಪುಸ್ತಕ ಬರೆದ. ಅದೇ ವರ್ಷ ಸೆನೆಟ್‌ನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ಸಂಹಿತೆ ರಚಿಸಿಕೊಂಡು ಮುಖಪುಟದ ಮೇಲೆ ಮುದ್ರೆ ಒತ್ತತೊಡಗಿದರು. ರಕ್ತ ಹರಿಯಕೂಡದು, ಪ್ರೇತ ಪಿಶಾಚಿಗಳು ಸುಳಿಯಕೂಡದು, ಅಪರಾಧಿಯ ಮೇಲೆ ಓದುಗನಿಗೆ ಮರುಕ ಹುಟ್ಟಕೂಡದು, ಕೊನೆಗೆ ಧರ್ಮವೇ ಗೆಲ್ಲಬೇಕು. ಕೊಲ್ಲಲು ಪರವಾನಗಿ ಇಲ್ಲದ, ಹೆದರಿಸಲು ಅನುಮತಿ ಇಲ್ಲದ ಖಳನಾಯಕ ಇನ್ನೇನು ಮಾಡಬೇಕು? ಗಾಳಿಪಟ ಹಾರಿಸಿದ.

ಕೈಟ್ ಮ್ಯಾನ್ 1960ರ ಆಗಸ್ಟ್‌ನಲ್ಲಿ ಬ್ಯಾಟ್‌ಮ್ಯಾನನ ಎದುರು ಬಂದ. ಬಗೆಬಗೆಯ ಗಾಳಿಪಟಗಳಿಂದ ದರೋಡೆ ಮಾಡುವುದು ಅವನ ಕಸುಬು. ಅವನ ಹೆಸರು ಚಾರ್ಲ್ಸ್ ಬ್ರೌನ್. ‘ಪೀನಟ್ಸ್’ ಎಂಬ ವ್ಯಂಗ್ಯಚಿತ್ರಮಾಲೆಯಲ್ಲಿ ಒಮ್ಮೆಯೂ ಗಾಳಿಪಟ ಹಾರಿಸಲಾಗದ ಚಾರ್ಲಿ ಬ್ರೌನ್‌ಗೆ ಇವನು ದಾಯಾದಿಯೇ ಇರಬೇಕು. 1962ರ ಫೆಬ್ರವರಿಯಲ್ಲಿ ಬಂದವನು ಮಿಸ್ಟರ್ ಪೋಲ್ಕಾ-ಡಾಟ್. ಅವನ ಬಟ್ಟೆಯ ಮೇಲಿನ ಬಣ್ಣದ ಚುಕ್ಕಿಗಳೇ ಆಯುಧ. ಒಂದು ಚುಕ್ಕಿ ಕಿತ್ತರೆ ಗರಗಸ, ಇನ್ನೊಂದು ಕಿತ್ತರೆ ಹಾರುವ ತಟ್ಟೆ. ಯುದ್ಧ ಮುಂದುವರಿದಂತೆಲ್ಲ ಬಟ್ಟೆ ಬಿಳಿಚಿಕೊಳ್ಳುತ್ತದೆ. ಬತ್ತಳಿಕೆಯಲ್ಲಿ ಎಷ್ಟು ಬಾಣ ಉಳಿದಿದೆ ಎಂದು ಶತ್ರುವಿಗೆ ದೂರದಿಂದಲೇ ಲೆಕ್ಕ ಕೊಡುವ ಈ ಪಾರದರ್ಶಕ ಆಡಳಿತವನ್ನು ಯಾವ ಸರ್ಕಾರವೂ ಅನುಸರಿಸಿದಂತಿಲ್ಲ.

ಈ ಗುಂಪಿನಲ್ಲಿ ನಮಗೆ ನೆಂಟಸ್ತಿಕೆ ಇರುವುದು ಕ್ಯಾಲೆಂಡರ್ ಮ್ಯಾನ್ ಜೊತೆ. 1958ರ ‘ಡಿಟೆಕ್ಟಿವ್ ಕಾಮಿಕ್ಸ್’ನಲ್ಲಿ ಇವನು ಐದು ದಿನ, ಐದು ಋತು, ಐದು ಕಳ್ಳತನ ಎಂದು ಬ್ಯಾಟ್‌ಮ್ಯಾನನಿಗೆ ಸವಾಲು ಹಾಕಿದ. ಇರುವುದೇ ನಾಲ್ಕು ಋತು, ಐದನೆಯದು ಎಲ್ಲಿಂದ ಬಂತು ಎಂದು ಗಾಥಮ್ ನಗರ ತಲೆ ಕೆರೆದುಕೊಂಡಿತು. ಐದನೆಯದು ಭಾರತದ ಮಳೆಗಾಲ! ಕಳ್ಳ ಮಹಾರಾಜನೆಂಬ ಜಾದೂಗಾರನ ವೇಷದಲ್ಲಿ ಅಡಗಿದ್ದ. ಅಮೆರಿಕದ ಪತ್ತೇದಾರನ ಮತಿಗೆ ನಿಲುಕದ್ದು ನಮ್ಮ ಮಲೆನಾಡಿನ ಮಗುವಿಗೂ ಗೊತ್ತಿತ್ತು ಎಂದು ಹೆಮ್ಮೆಪಡುವ ಹೊತ್ತಿಗೇ ಒಂದು ಸಂಶೋಧನಾತ್ಮಕ ವಿಷಾದವನ್ನೂ ದಾಖಲಿಸಬೇಕಾಗಿದೆ. ಆ ಮನುಷ್ಯ ಒಂದೇ ಒಂದು ಒಂಟಿಕೊಪ್ಪಲ್ ಪಂಚಾಂಗ ತರಿಸಿಕೊಂಡು ನೋಡಿದ್ದರೆ ಋತುಗಳು ಆರು ಎಂದು ತಿಳಿದು, ಇನ್ನೊಂದು ಕಳ್ಳತನಕ್ಕೆ ಅವಕಾಶವಾಗುತ್ತಿತ್ತು.

ಮಾರ್ವೆಲ್ ಸಂಪ್ರದಾಯದ ಕಡೆಗೆ ತಿರುಗಿದರೆ ಅಲ್ಲಿನ ಉಪಖಳರು ಬಹುಮಟ್ಟಿಗೆ ಎಂಜಿನಿಯರುಗಳು. ಇವರ ದುರಂತಕ್ಕೆ ಕಾರಣ ದುಷ್ಟತನವಲ್ಲ, ವ್ಯವಹಾರಜ್ಞಾನದ ಕೊರತೆ. ಪೇಸ್ಟ್-ಪಾಟ್ ಪೀಟ್‌ನನ್ನು ನೋಡಿ. 1963ರ ಜನವರಿಯಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಬಳಗದಿಂದ ಹುಟ್ಟಿದವನು. ಬಗಲಲ್ಲಿ ಗೋಂದಿನ ಬಕೆಟ್ಟು, ಕೈಯಲ್ಲಿ ಗೋಂದು ಚಿಮ್ಮಿಸುವ ಬಂದೂಕು. ಜಗತ್ತಿನ ಅತಿ ಗಟ್ಟಿ ಅಂಟನ್ನು ಕಂಡುಹಿಡಿದವನು ಅದನ್ನು ಡಬ್ಬಿಯಲ್ಲಿ ತುಂಬಿ ಮಾರುವುದನ್ನು ಬಿಟ್ಟು ಬ್ಯಾಂಕಿಗೆ ಹೋದ, ಠೇವಣಿ ಇಡಲು ಅಲ್ಲ. ಹೆಸರು ಕೇಳಿದವರೆಲ್ಲ ನಗುತ್ತಿದ್ದುದರಿಂದ 1965ರಲ್ಲಿ ಟ್ರ್ಯಾಪ್‌ಸ್ಟರ್ ಎಂದು ಮರುನಾಮಕರಣ ಮಾಡಿಕೊಂಡ, ಆದರೂ ನಗುವವರು ಹಳೆಯ ಹೆಸರನ್ನು ಮರೆಯಲಿಲ್ಲ. ನಮ್ಮ ಸಿದ್ಧಾಂತಕ್ಕೆ ಬೇಕಾದ ಘಟನೆ ನಡೆದದ್ದು ಮಾತ್ರ 1964ರಲ್ಲಿ. ಬ್ಯಾರನ್ ಝೀಮೋ ಎಂಬ ನಾಜಿ ದುಷ್ಟ ಯಾವುದಕ್ಕೂ ಕರಗದ ಅಂಟನ್ನು ಪ್ರಯೋಗಿಸಿದಾಗ ಅವೆಂಜರ್ಸ್ ತಂಡ ದಿಕ್ಕುಗೆಟ್ಟಿತು. ಥಾರ್‌ನ ಸುತ್ತಿಗೆಗೆ, ಐರನ್ ಮ್ಯಾನ್‌ನ ಯಂತ್ರಕ್ಕೆ ಅದು ಬಗ್ಗುವಂಥದ್ದಲ್ಲ. ಆಗ ದೇವಾನುದೇವತೆಗಳು ನೆನೆಸಿಕೊಂಡದ್ದು ಸೆರೆಮನೆಯಲ್ಲಿದ್ದ ಪೀಟ್‌ನನ್ನು. ಅಂಟು ಬಿಡಿಸುವ ದ್ರಾವಣವನ್ನು ಅವನು ಕೊಟ್ಟ, ಪ್ರತಿಯಾಗಿ ತನ್ನ ಶಿಕ್ಷೆಗೂ ಸಡಿಲಿಕೆ ಪಡೆದ. ಈ ಪ್ರಸಂಗದ ಮುಂದೆ ಪೂರ್ವಪಕ್ಷ ನಿಲ್ಲುವುದಿಲ್ಲ.

ಸ್ಟಿಲ್ಟ್-ಮ್ಯಾನ್ ಇನ್ನೂ ಎತ್ತರದ ಉದಾಹರಣೆ. 1965ರ ಜೂನ್ ತಿಂಗಳ ‘ಡೇರ್‌ಡೆವಿಲ್’ ಸಂಚಿಕೆಯಲ್ಲಿ ವಿಲ್ಬರ್ ಡೇ ಎಂಬ ತಂತ್ರಜ್ಞ ತನ್ನ ಯಜಮಾನನ ಹೈಡ್ರಾಲಿಕ್ ಯಂತ್ರದ ವಿನ್ಯಾಸ ಕದ್ದು, ಮಹಡಿಗಳೆತ್ತರ ಬೆಳೆಯುವ ಲೋಹದ ಕಾಲುಗಳನ್ನು ಮಾಡಿಸಿಕೊಂಡ. ಕದ್ದದ್ದು ಸಾಲದೆಂದು, ವಿನ್ಯಾಸ ತನ್ನದೇ, ಯಜಮಾನನೇ ಕಳ್ಳ ಎಂದು ದಾವೆ ಹೂಡಲು ವಕೀಲರನ್ನು ಹುಡುಕಿಕೊಂಡು ಹೋದ. ಹೋಗಿದ್ದು ಮ್ಯಾಟ್ ಮರ್ಡಾಕ್‌ನ ಕಚೇರಿಗೆ. ಆ ಕುರುಡು ವಕೀಲನೇ ರಾತ್ರಿ ಹೊತ್ತು ಡೇರ್‌ಡೆವಿಲ್ ವೇಷ ತೊಟ್ಟು ಕಳ್ಳರನ್ನು ಹಿಡಿಯುವವನು. ನ್ಯೂಯಾರ್ಕ್‌ನಂಥ ಊರಿನಲ್ಲಿ ಇಷ್ಟೊಂದು ವಕೀಲರಿರುವಾಗ ತನ್ನ ವಿರೋಧಿಗೇ ವಕಾಲತ್ತು ಕೊಟ್ಟ ಕಕ್ಷಿದಾರ ಇವನೊಬ್ಬನೇ ಇರಬೇಕು. ಕಥೆಯ ಕೊನೆಗೆ ಕುಗ್ಗಿಸುವ ಕಿರಣವೊಂದು ತಾಗಿ ಅತಿ ಎತ್ತರದ ಖಳ ಕಣ್ಣಿಗೆ ಕಾಣದಷ್ಟು ಚಿಕ್ಕವನಾಗಿ ಮಾಯವಾದ. ಆಮೇಲೆ ಮರಳಿ ಬಂದ, ಸೋತ, ಮತ್ತೆ ಬಂದ. ಇವನ ಪುನರಾಗಮನಗಳನ್ನು ಎಣಿಸುವುದು ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು.

ಇಂಥವರ ಸಂಖ್ಯೆ ಬೆಳೆದಾಗ ಗಣತಿ ಬೇಕಾಯಿತು. ಮಾರ್ಕ್ ಗ್ರುನ್ವಾಲ್ಡ್ ಎಂಬ ಸಂಪಾದಕ 1983ರಿಂದ ಮಾರ್ವೆಲ್ ಲೋಕದ ಅಧಿಕೃತ ಕೈಪಿಡಿಯನ್ನು ಹೊರತಂದ. ಪ್ರತಿಯೊಬ್ಬನ ಎತ್ತರ, ತೂಕ, ಕಣ್ಣಿನ ಬಣ್ಣ, ಹುಟ್ಟಿದೂರು, ಬಂಧುಬಳಗ ಎಲ್ಲವೂ ಅಕಾರಾದಿಯಾಗಿ ಅದರಲ್ಲಿ ದಾಖಲು. ಸತ್ತವರಿಗೆ ಪ್ರತ್ಯೇಕ ವಿಭಾಗ. ನಾನು ಅಣಕಕ್ಕೆ ಬರೆಯುತ್ತಿರುವುದನ್ನು ಆತ ಶ್ರದ್ಧೆಯಿಂದ ಮಾಡಿದ. ಪುಣ್ಯಾತ್ಮ ಅಷ್ಟಕ್ಕೇ ನಿಲ್ಲಲಿಲ್ಲ. ಜನನ ಮರಣ ನೋಂದಣಿ ಮಾಡುತ್ತಿದ್ದ ಕೈಯೇ ಸ್ಕರ್ಜ್ ಎಂಬ ಹಂತಕನನ್ನು ಸೃಷ್ಟಿಸಿ, ಕೆಲಸಕ್ಕೆ ಬಾರದ ಖಳರನ್ನು ಒಬ್ಬೊಬ್ಬರಾಗಿ ತೆಗೆಸತೊಡಗಿತು. ಗಾಬರಿಯಾದ ಉಪಖಳರು ಮುಂದೇನು ಎಂದು ಚರ್ಚಿಸಲು ಓಹಿಯೋದ ಹೆಸರಿಲ್ಲದ ಒಂದು ಬಾರಿನಲ್ಲಿ ಸಭೆ ಸೇರಿದರು. ಅವರಲ್ಲಿ ಹಾರುವ ಜೋಡಿ ಸೈಕಲ್ ಏರಿ 1900ರ ಸದಾಚಾರಕ್ಕಾಗಿ ಹೋರಾಡುತ್ತಿದ್ದ ಟರ್ನರ್ ಡಿ. ಸೆಂಚುರಿಯೂ ಇದ್ದ. ಮದ್ಯ ಸುರಿಯುತ್ತಿದ್ದವನೇ ವೇಷ ಮರೆಸಿದ ಸ್ಕರ್ಜ್. 1986ರ ಜುಲೈ ತಿಂಗಳ ‘ಕ್ಯಾಪ್ಟನ್ ಅಮೆರಿಕ’ದಲ್ಲಿ ಒಂದೇ ಸಲಕ್ಕೆ 18 ಮಂದಿ ಗುಂಡಿಗೆ ಬಲಿಯಾದರು. ವಾಟರ್ ವಿಝರ್ಡ್ ಎಂಬವನು ಮಾತ್ರ ಉಳಿದುಕೊಂಡ. ಅವನ ಕಾರು ದಾರಿಯಲ್ಲಿ ಪಂಕ್ಚರ್ ಆಗಿತ್ತು. ಸಭೆಗೆ ಸರಿಯಾದ ಸಮಯಕ್ಕೆ ಹೋಗುವವರು ಇದನ್ನು ಗಮನಿಸಬೇಕು.

ಆದರೂ ಈ ನಿರ್ಮೂಲನ ಕಾರ್ಯಕ್ರಮ ಫಲಿಸಲಿಲ್ಲ. ಸತ್ತವರ ದೊಡ್ಡ ಹಿಂಡನ್ನೇ 2009ರಲ್ಲಿ ಇನ್ನೊಬ್ಬ ಕಥೆಗಾರ ಮಂತ್ರ ಹಾಕಿಸಿ ಎಬ್ಬಿಸಿದ. ಗ್ರುನ್ವಾಲ್ಡ್ 1996ರಲ್ಲಿ ತನ್ನ 43ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಮುದ್ರಣದ ಶಾಯಿಗೆ ಬೆರೆಸಿ ಅವನದೇ ‘ಸ್ಕ್ವಾಡ್ರನ್ ಸುಪ್ರೀಮ್’ ಸಂಪುಟವನ್ನು ಮರುವರ್ಷ ಅಚ್ಚುಹಾಕಿದರು. ಇದು ಕಥೆಯಲ್ಲ, ನಡೆದದ್ದು. ಪಾಂಡಿತ್ಯಕ್ಕಾಗಿ ಮೈ ಸವೆಸಿದೆವೆಂದು ಹೇಳಿಕೊಳ್ಳುವ ನಮ್ಮಂಥವರು ಇಲ್ಲಿ ಸ್ವಲ್ಪ ಸುಮ್ಮನಿರುವುದು ಒಳ್ಳೆಯದು.

ಉಪೇಕ್ಷಿತರು ಈಚೆಗೆ ಉಪೇಕ್ಷಿತರಾಗಿ ಉಳಿದಿಲ್ಲ ಎಂಬ ಆಕ್ಷೇಪವೂ ಉಂಟು. ಚುಕ್ಕಿಯವನು 2021ರಲ್ಲಿ ಸಿನಿಮಾ ಸೇರಿದ, ಗಾಳಿಪಟದವನ ಹೆಸರಿನಲ್ಲೇ 2024ರಲ್ಲಿ ಸರಣಿ ಬಂತು. ಅಳಿಲುಗಳ ಜೊತೆ ಮಾತಾಡುವ ಸ್ಕ್ವಿರಲ್ ಗರ್ಲ್ ಅಂತೂ ತನ್ನ ಮೊದಲ ಕಥೆಯಲ್ಲೇ ಡಾಕ್ಟರ್ ಡೂಮ್‌ನಂಥ ಚಕ್ರವರ್ತಿ ಖಳನನ್ನು ಅಳಿಲುಗಳಿಂದ ಮುತ್ತಿಸಿ ಸೋಲಿಸಿದವಳು. ಸೇತುವೆಗೆ ಮರಳು ಹೊತ್ತ ಅಳಿಲನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಪತ್ತು ತಡವಾಗಿ ಬಂದರೂ ಬರುತ್ತದೆ ಎಂಬ ನಮ್ಮ ಸಿದ್ಧಾಂತಕ್ಕೆ ಇವೆಲ್ಲ ಇಂಬೇ ಹೊರತು ಬಾಧೆಯಲ್ಲ.

ಬಾಧೆ ಇರುವುದು ಒಬ್ಬನಿಂದ. 1989ರಲ್ಲಿ ಲೀಜನ್‌ನ ಸಂದರ್ಶನಕ್ಕೆ ಬಂದು ತಿರಸ್ಕೃತನಾದ ಆರ್ಮ್-ಫಾಲ್-ಆಫ್-ಬಾಯ್. ತನ್ನ ತೋಳನ್ನು ತಾನೇ ಕಳಚಿ ದೊಣ್ಣೆಯಂತೆ ಬೀಸುವುದು ಅವನ ಶಕ್ತಿ. ಇವನಿಗೆ ತಕ್ಕ ಆಪತ್ತು ಯಾವುದು? ಕೈಕೋಳ ಬಿದ್ದಾಗ ಪಾರಾಗಬಹುದು ಎಂದು ಮೊದಲು ಹೊಳೆಯಿತು. ಕೈಕೋಳ ಬೀಳಲು ಯಾರಾದರೂ ಇವನನ್ನು ಹಿಡಿಯುವಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ! ಎರಡನೆಯದಾಗಿ, ದೂರದ ಶತ್ರುವಿಗೆ ತೋಳನ್ನು ಎಸೆಯಬಹುದು. ಎಸೆದ ತೋಳನ್ನು ಆಯ್ದು ತರಲು ಸಹಾಯಕನೊಬ್ಬ ಬೇಕು. ನಿಜವಾದ ತೊಡಕು ತರ್ಕದ್ದು. ಬಲಗೈಯಿಂದ ಎಡಗೈ ಕಳಚಿದನೆನ್ನೋಣ. ಬಲಗೈಯನ್ನು ಕಳಚುವ ಕೈ ಯಾವುದು? ಹೇಗೋ ಕಳಚಿದನೆಂದೇ ಇಟ್ಟುಕೊಂಡರೂ ಎರಡನ್ನೂ ಮತ್ತೆ ಜೋಡಿಸುವ ಕೈ ಯಾವುದು? ಕಾಲಿನಿಂದ ಎನ್ನೋಣವೆಂದರೆ ಅವನಿಗೆ ಕಾಲೂ ಕಳಚುತ್ತದೆ. ಈ ಅನವಸ್ಥಾ ದೋಷಕ್ಕೆ ನೈಯಾಯಿಕರು ಯಾರಾದರೂ ಪರಿಹಾರ ಸೂಚಿಸುವವರೆಗೆ ಪ್ರಬಂಧದ ಎರಡನೆಯ ಸಂಪುಟವನ್ನು ಮುಂದೂಡಲಾಗಿದೆ.