ಕೊಳ್ಳದವರು ಕಳ್ಳರಲ್ಲ

(ಶಾಂತಿನಗರ ಬಸ್ ನಿಲ್ದಾಣದ ಹತ್ತಿರದ ಒಂದು ದರ್ಶಿನಿ. ನಿವೃತ್ತ ಪೋಸ್ಟ್‌ಮಾಸ್ಟರ್ ರಾಮಚಂದ್ರಯ್ಯನವರು ಮತ್ತು ಅವರ ಹೆಂಡತಿಯ ತಮ್ಮ, ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಶ್ರೀನಿವಾಸ, ನಿಂತುಕೊಂಡೇ ಬೈ-ಟು ಕಾಫಿ ಕುಡಿಯುತ್ತಿದ್ದಾರೆ. ಮೇಷ್ಟ್ರಿಗೆ ಭಾವನನ್ನು ಸಣ್ಣ ಖಾಸಗಿ ಗ್ಯಾಲರಿಗಳಿಗೆ, ಮನೆಯೊಳಗಿನ ಸಂಗ್ರಹಗಳಿಗೆ ಕರೆದೊಯ್ಯಬೇಕು. ಭಾವನಿಗೆ ಇನ್ನೊಂದು ಕಾಫಿ ಬೇಕು.)

ರಾಮಚಂದ್ರಯ್ಯ: ನೋಡೋ ಸೀನ, ಕಲೆ ಅಂದರೆ ನನಗೂ ಗೌರವ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಬೆಳಕು ಮುಖದ ಮೇಲೆ ಬೀಳೋದು, ಕಲೆ ಅಂದರೆ ಅದು. ಟಿಕೆಟ್ ತಗೊಂಡು ಒಳಗೆ ಹೋಗ್ತೀವಿ, ‘ಮುಟ್ಟಬೇಡಿ’ ಅಂತ ಬೋರ್ಡು ಇರುತ್ತೆ, ಮುಟ್ಟದೆ ಹೊರಗೆ ಬರ್ತೀವಿ. ಎಲ್ಲ ಕ್ರಮಬದ್ಧ. ನೀನು ಕರೀತಿರೋದು ಯಾರದೋ ಮನೆಗೆ. ಬೆಲ್ ಒತ್ತಿ ಏನಂತ ಹೇಳಲಿ? ರಿಜಿಸ್ಟರ್ಡ್ ಪೋಸ್ಟ್ ಇದೆ, ಸೈನ್ ಹಾಕಿ ಅಂತಲೋ?

ಶ್ರೀನಿವಾಸ: ಒಳ್ಳೇ ಚಿತ್ರವನ್ನೇ ಎತ್ತಿದಿರಿ ಭಾವ, ನನ್ನ ಕೆಲಸ ಹಗುರವಾಯಿತು. ಆ ದೀಪದ ಹೆಂಗಸನ್ನ ಹಲ್ದಂಕರ್ ಅವರು ಬರೆದದ್ದು 1940ರ ದಶಕದಲ್ಲಿ. ಅದು ಜಲವರ್ಣ. ಅರಮನೆ ಸೇರಿದಾಗ ಅದಕ್ಕೆ ಹಳತನದ ಗೌರವ ಏನೂ ಇರಲಿಲ್ಲ. ಬದುಕಿದ್ದ ಕಲಾವಿದರೊಬ್ಬರ ಹೊಸ ಚಿತ್ರ ಅಷ್ಟೆ. ಇನ್ನು ಆ ಜಗನ್ಮೋಹನ ಅರಮನೆ ಯಾರದು? ಅದೂ ಒಂದು ಮನೆಯೇ, ಕೋಣೆ ಸ್ವಲ್ಪ ಜಾಸ್ತಿ. ರಾಜಮನೆತನದವರು ಇಷ್ಟಪಟ್ಟು ಕೂಡಿಸಿದ್ದನ್ನ 1915ರಲ್ಲಿ ಗ್ಯಾಲರಿ ಮಾಡಿ ಜನಕ್ಕೆ ತೆರೆದರು. ಅಂದಮೇಲೆ ಒಬ್ಬರ ಖಾಸಗಿ ಸಂಗ್ರಹಕ್ಕೆ ಹೋಗಿ, ಸಮಕಾಲೀನ ಅಂತಲೇ ಅದರೊಳಗೆ ಸೇರಿದ್ದ ಚಿತ್ರ ನೋಡಿ, ‘ಕಲೆ ಅಂದರೆ ಇದು’ ಅಂತ ನೀವೇ ಒಪ್ಪಿಕೊಂಡಿದ್ದೀರಿ. ಇವತ್ತು ನಾನು ಕರೀತಿರೋದೂ ಅಂಥದ್ದಕ್ಕೇ. ಟಿಕೆಟ್ ಕೌಂಟರ್ ಇಲ್ಲ ಅನ್ನೋದೊಂದೇ ವ್ಯತ್ಯಾಸ.

ರಾಮಚಂದ್ರಯ್ಯ: ಟಿಕೆಟ್ ಇಲ್ಲ ಅನ್ನೋದೇ ನನಗೆ ಭಯ ಕಣೋ. ಪುಕ್ಕಟೆ ಒಳಗೆ ಬಿಟ್ಟವರು ಹೊರಗೆ ಬಿಡುವಾಗ ಏನು ಕೇಳ್ತಾರೋ! ಪಕ್ಕದಲ್ಲಿ ಬಂದು ನಿಂತು ‘ಸರ್, ಇದು ಮೂರು ಲಕ್ಷ’ ಅಂದರೆ? ನನ್ನ ಪೆನ್ಷನ್ನು ನಿನಗೆ ಗೊತ್ತೇ ಇದೆ.

ಶ್ರೀನಿವಾಸ: ಚಿಕ್ಕಪೇಟೆಯಲ್ಲಿ ಅಕ್ಕ ಐವತ್ತು ಸೀರೆ ಬಿಚ್ಚಿಸಿ, ಸೆರಗು ಬೆಳಕಿಗೆ ಹಿಡಿದು ನೋಡಿ, ‘ಆಮೇಲೆ ಬರ್ತೀವಿ’ ಅಂತ ಎದ್ದು ಬರ್ತಾಳಲ್ಲ, ಅವಳಿಗಿಲ್ಲದ ಸಂಕೋಚ ನಿಮಗ್ಯಾಕೆ? ಇಲ್ಲಂತೂ ಬಿಚ್ಚಿಸೋದೂ ಬೇಡ, ಎಲ್ಲ ಗೋಡೆ ಮೇಲೇ ಇರುತ್ತೆ. ಗ್ಯಾಲರಿಗೆ ಬರುವವರಲ್ಲಿ ಕೊಳ್ಳುವವರು ಬೆರಳೆಣಿಕೆ ಅನ್ನೋದು ನಡೆಸುವವರಿಗೇ ಚೆನ್ನಾಗಿ ಗೊತ್ತು. ಆದರೂ ಬಾಗಿಲು ತೆಗೆದಿಡ್ತಾರೆ. ಯಾಕೆ ಹೇಳಿ? ಯಾರೂ ನೋಡದ ಚಿತ್ರಕ್ಕೆ ಹೆಸರು ಬರಲ್ಲ, ಹೆಸರಿಲ್ಲದ್ದನ್ನ ಯಾರೂ ಕೊಳ್ಳಲ್ಲ. ನೀವು ಹೋಗಿ ನಿಂತು ನೋಡೋದರಿಂದ ಅವರಿಗೂ ಉಪಯೋಗ ಇದೆ. ಹಂಗಿನಲ್ಲಿ ಹೋಗ್ತಿದ್ದೀನಿ ಅಂದುಕೊಳ್ಳಬೇಡಿ, ತಲೆ ಎತ್ತಿಕೊಂಡೇ ಹೋಗಿ. ಬೆಲೆ ಪಟ್ಟಿ ಮೇಜಿನ ಹತ್ತಿರ ಇರುತ್ತೆ, ಕೇಳಿದರೆ ತೋರಿಸ್ತಾರೆ. ಕೇಳೋದು ತಪ್ಪಲ್ಲ, ಕೇಳಿ ಬೆಚ್ಚಿಬೀಳೋದೂ ತಪ್ಪಲ್ಲ.

ರಾಮಚಂದ್ರಯ್ಯ: ಹೌದು, ಎಲ್ಲೋ ನೋಡಿದ ನೆನಪು. ಕೆಲವು ಚಿತ್ರದ ಪಕ್ಕ ಕೆಂಪು ಬೊಟ್ಟು ಇಟ್ಟಿರ್ತಾರೆ. ಪೂಜೆ ಆಗಿದೆ ಅಂತಲೋ?

ಶ್ರೀನಿವಾಸ: ಮಾರಾಟ ಆಗಿದೆ ಅಂತ.

ರಾಮಚಂದ್ರಯ್ಯ: ಎರಡೂ ಒಂದೇ ಬಿಡು, ಮಂಗಳಾರತಿ ಯಾರಿಗೋ ಆಗಿರುತ್ತೆ. ಸರಿ, ಒಳಗೆ ಹೋದೆ ಅಂತಿಟ್ಟುಕೋ. ಅರ್ಥ ಆಗಬೇಡವೇ? ಒಬ್ಬ ಬಾಳೆಹಣ್ಣನ್ನ ಗೋಡೆಗೆ ಟೇಪು ಹಚ್ಚಿ ಅಂಟಿಸಿ ಕೋಟಿಗಟ್ಟಲೆಗೆ ಮಾರಿದನಂತೆ. ಅದನ್ನ ನೋಡೋಕೆ ನಾನು ಗೇಟು ತಳ್ಳಬೇಕಾ? ಏಲಕ್ಕಿ ಬಾಳೆ ನಮ್ಮ ಹಾಪ್‌ಕಾಮ್ಸ್‌ನಲ್ಲೇ ಇದೆ.

ಶ್ರೀನಿವಾಸ: ಆ ಬಾಳೆಹಣ್ಣು ಮೌರಿಜಿಯೋ ಕ್ಯಾಟಲಾನ್ ಅನ್ನೋ ಕಲಾವಿದರದು. 2019ರಲ್ಲಿ ಮಯಾಮಿಯ ಕಲಾ ಸಂತೆಯಲ್ಲಿ ಅದರ ಬೆಲೆ 1,20,000 ಡಾಲರ್. 2024ರ ಹರಾಜಿನಲ್ಲಿ 62 ಲಕ್ಷ ಡಾಲರ್. ಕೊಂಡವನು ಅದನ್ನ ತಿಂದೂಬಿಟ್ಟ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಬಂದದ್ದು ದೊಡ್ಡ ಸಂತೆಯಿಂದ, ದೊಡ್ಡ ಹರಾಜಿನಿಂದ. ದೊಡ್ಡ ಜಾಗಗಳಲ್ಲಿ ಯಾವುದು ಶ್ರೇಷ್ಠ, ಯಾವುದರ ಬೆಲೆ ಎಷ್ಟು ಅಂತ ನಮಗಿಂತ ಮೊದಲೇ ಯಾರೋ ತೀರ್ಮಾನ ಮಾಡಿಟ್ಟಿರ್ತಾರೆ. ನಾವು ಹೋಗಿ ತಲೆದೂಗಬೇಕು, ಇಲ್ಲವೇ ಮನೆಗೆ ಬಂದು ಬೈಯಬೇಕು. ಸಣ್ಣ ಜಾಗದಲ್ಲಿ ಆ ತೀರ್ಮಾನ ಇನ್ನೂ ಆಗಿರೋದಿಲ್ಲ. ಇಲ್ಲೇ ಹತ್ತಿರದ ನಂ. 1 ಶಾಂತಿ ರೋಡ್ ತಗೊಳ್ಳಿ. 2003ರಲ್ಲಿ ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ಕಲಾವಿದರಿಗೆ ಬಿಟ್ಟುಕೊಟ್ಟು ಶುರುಮಾಡಿದ್ದು. ಬಾದಾಮಿ ಮರವೊಂದನ್ನ ಉಳಿಸಿಕೊಂಡು ಅದರ ಸುತ್ತ ಕಟ್ಟಿದ ಮನೆ. ಹೊರ ಊರಿನವರು, ಹೊರ ದೇಶದವರು ಬಂದು ಅಲ್ಲೇ ಉಳಿದು ಕೆಲಸ ಮಾಡ್ತಾರೆ, ಮಾಡಿದ್ದನ್ನ ಅಲ್ಲೇ ತೋರಿಸ್ತಾರೆ. ಇಂಥ ಕಡೆ ಚಿತ್ರ ಮಾಡಿದವರು ನಿಮ್ಮ ಪಕ್ಕದಲ್ಲೇ ಟೀ ಕುಡೀತಾ ನಿಂತಿರೋದು ಹೊಸತೇನಲ್ಲ. ಅರ್ಥ ಆಗದಿದ್ದರೆ ‘ಅರ್ಥ ಆಗಲಿಲ್ಲ’ ಅನ್ನಿ. ಇಲ್ಲಾಂದ್ರೆ ‘ಇದನ್ನ ಯಾತರಿಂದ ಮಾಡಿದ್ರಿ? ಇದನ್ನೇ ಯಾಕೆ ಮಾಡಿದ್ರಿ?’ ಅಂತ ಕೇಳಿ. ಉತ್ತರ ಸಪ್ಪೆಯಾಗಿದ್ದರೆ ಕೃತಿಯೂ ಸಪ್ಪೆ ಇರಬಹುದು ಅನ್ನೋ ಅನುಮಾನ ಇಟ್ಟುಕೊಂಡು ಬನ್ನಿ. ಹಲ್ದಂಕರ್ ಅವರನ್ನ ಹೀಗೆ ಕೇಳೋಕೆ ನಿಮಗೆ ಅವಕಾಶ ಸಿಗಲಿಲ್ಲ.

ರಾಮಚಂದ್ರಯ್ಯ: ನಾನು ಪ್ರಶ್ನೆ ಕೇಳೋನೇ. ಆದರೆ ಇದೆಲ್ಲ ದುಡ್ಡಿದ್ದವರ ಶೋಕಿ ಅಲ್ಲವೇನೋ? ಸಂಗ್ರಹ ಅನ್ನೋದು ಬಂಗಲೆ ಇದ್ದವರ ಮಾತು. ನಮ್ಮ ಮನೆ ಗೋಡೆಯಲ್ಲಿ ದೇವರ ಕ್ಯಾಲೆಂಡರಿಗೇ ಜಾಗ ಇಲ್ಲ.

ಶ್ರೀನಿವಾಸ: ನಿಮ್ಮ ಇಲಾಖೆಯವನ ಕಥೆಯನ್ನೇ ಹೇಳ್ತೀನಿ ಕೇಳಿ. ನ್ಯೂಯಾರ್ಕಿನಲ್ಲಿ ಹರ್ಬರ್ಟ್ ವೋಗೆಲ್ ಅಂತ ಒಬ್ಬ ಅಂಚೆ ಗುಮಾಸ್ತ. ಕೆಲಸ ರಾತ್ರಿ ಪಾಳಿಯಲ್ಲಿ ಟಪಾಲು ವಿಂಗಡಿಸೋದು. ಹೆಂಡತಿ ಡೊರೊಥಿ ಲೈಬ್ರರಿಯಲ್ಲಿ ಕೆಲಸ. ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಹೆಂಡತಿ ಸಂಬಳದಲ್ಲಿ ಸಂಸಾರ, ಗಂಡನ ಸಂಬಳದಲ್ಲಿ ಚಿತ್ರ. ಬೆಲೆ ಕೈಗೆಟುಕಬೇಕು, ಮನೆಯೊಳಗೆ ಹಿಡಿಸಬೇಕು, ಇಷ್ಟೇ ಅವರ ನಿಯಮ. ಯಾರೂ ಕೇಳದಿದ್ದ ಹುಡುಗರ ಸ್ಟುಡಿಯೋಗಳಿಗೆ ಹೋಗಿ, ಮಾತಾಡಿ, ಕಂತಿನಲ್ಲಿ ಕೊಂಡರು. ಒಬ್ಬ ಕಲಾವಿದ ದಂಪತಿಯ ಬೆಕ್ಕನ್ನ ನೋಡಿಕೊಂಡಿದ್ದಕ್ಕೆ ಒಂದು ಕೃತಿ ಸಂಪಾದಿಸಿದರು ಅಂತಲೂ ಪ್ರಸಿದ್ಧ. ಕೊನೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕೃತಿಗಳು ಸೇರಿ ಮಂಚದ ಕೆಳಗೂ ಜಾಗ ಇಲ್ಲದ ಹಾಗಾಯಿತು. 1992ರಲ್ಲಿ ಸಂಗ್ರಹವನ್ನ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಒಪ್ಪಿಸಿದರು. 2008ರಿಂದ ಅಮೆರಿಕದ ಐವತ್ತು ರಾಜ್ಯಗಳಿಗೂ ಐವತ್ತೈವತ್ತು ಕೃತಿ ಹಂಚಿದರು. ಕೋಟಿಗಟ್ಟಲೆ ಬೆಲೆ ಬಂದ ಮೇಲೂ ಮಾರಿ ಶ್ರೀಮಂತರಾಗಲಿಲ್ಲ. ಅವರ ಹತ್ತಿರ ಇದ್ದ ಬಂಡವಾಳ ಅಂದರೆ ಸಣ್ಣ ಜಾಗಗಳಿಗೆ ತಪ್ಪದೆ ಹೋಗುವ ಚಾಳಿ.

ರಾಮಚಂದ್ರಯ್ಯ: (ಕಾಫಿ ಲೋಟ ಕೆಳಗಿಟ್ಟು) ಅಂಚೆ ಗುಮಾಸ್ತನಾ? ರಾತ್ರಿ ಪಾಳಿಯಾ? ನಮ್ಮವರು ಎಲ್ಲಿದ್ದರೂ ಅಚ್ಚುಕಟ್ಟು ಬಿಡು. ಆದರೆ ಒಂದು ಮಾತು ಕೇಳ್ತೀನಿ, ಜಾರಿಕೊಳ್ಳಬೇಡ. ಖಾಸಗಿಯವರು ಇವತ್ತು ಬಾಗಿಲು ತೆಗೀತಾರೆ, ನಾಳೆ ಮುಚ್ಚಿದರೆ ಯಾರಿಗೆ ದೂರು ಕೊಡೋದು? ಸರ್ಕಾರಿ ಜಾಗ ಆದರೆ ಕೊನೇಪಕ್ಷ ಒಂದು ಅರ್ಜಿ ಹಾಕಬಹುದು.

ಶ್ರೀನಿವಾಸ: ಇದು ಗಟ್ಟಿ ಆಕ್ಷೇಪಣೆ ಭಾವ. ಫಿಲಡೆಲ್ಫಿಯಾ ಹತ್ತಿರ ಆಲ್ಬರ್ಟ್ ಬಾರ್ನ್ಸ್ ಅಂತ ಒಬ್ಬರ ಅದ್ಭುತ ಸಂಗ್ರಹ ಇತ್ತು. ಯಾರನ್ನ ಒಳಗೆ ಬಿಡಬೇಕು ಅನ್ನೋದು ಅವರ ಮರ್ಜಿ. ಅವರು ತೀರಿಕೊಂಡು ಹತ್ತು ವರ್ಷ ಆದ ಮೇಲೆ, 1961ರಲ್ಲಿ, ಕೋರ್ಟಿನ ಗಲಾಟೆಯ ನಂತರ ವಾರಕ್ಕೆ ಎರಡು ದಿನ ಜನಕ್ಕೆ ತೆರೆದದ್ದು. ಅದಕ್ಕೇ ನಮ್ಮ ಸರ್ಕಾರಿ ವೆಂಕಟಪ್ಪ ಗ್ಯಾಲರಿಯನ್ನ ಖಾಸಗಿಯವರಿಗೆ ದತ್ತು ಕೊಡುವ ಮಾತು ಬಂದಾಗ, 2016ರಲ್ಲಿ ನಮ್ಮ ಕಲಾವಿದರು ಬೀದಿಗಿಳಿದದ್ದು ಸರಿಯಾಗೇ ಇತ್ತು. ಸರ್ಕಾರಿ ಜಾಗ ಸರ್ಕಾರದ ಕೈಯಲ್ಲೇ ಇರಲಿ, ಅದಕ್ಕೆ ಬದಲಿ ಇಲ್ಲ. ಆದರೆ ಖಾಸಗಿಯವರು ಬಾಗಿಲು ಮುಚ್ಚಬಹುದು ಅನ್ನೋ ಕಾರಣಕ್ಕೆ ತೆರೆದ ಬಾಗಿಲಿಗೆ ಹೋಗದೇ ಇರೋದು ಯಾವ ಲೆಕ್ಕ? ಕೇಂಬ್ರಿಜ್‌ನಲ್ಲಿ ಜಿಮ್ ಈಡ್ ಅನ್ನುವವರು 1957ರಿಂದ ಮಧ್ಯಾಹ್ನದ ಹೊತ್ತು ತಮ್ಮ ಮನೆ ಬಾಗಿಲು ತೆಗೆದಿಟ್ಟು, ಬಂದ ವಿದ್ಯಾರ್ಥಿಗಳಿಗೆ ತಮ್ಮ ಕಲಾಸಂಗ್ರಹವನ್ನ ತಾವೇ ತೋರಿಸ್ತಿದ್ದರು. ಹಾಸ್ಟೆಲ್ ರೂಮಿನಲ್ಲಿ ತೂಗುಹಾಕಿಕೊಳ್ಳೋಕೆ ಚಿತ್ರಗಳನ್ನ ಎರವಲು ಬೇರೆ ಕೊಡ್ತಿದ್ದರು. 1966ರಲ್ಲಿ ಮನೆ ಸಮೇತ ಎಲ್ಲವನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ನಮ್ಮಲ್ಲೇ ಚಿತ್ರಕಲಾ ಪರಿಷತ್ತಿನಲ್ಲಿರೋ ಕೇಜ್ರಿವಾಲ್ ಸಂಗ್ರಹ ಒಂದು ಮನೆತನ ಕೂಡಿಸಿ ಕೊಟ್ಟದ್ದು. ಕಸ್ತೂರ್‌ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಮ್ಯೂಸಿಯಂ ಅಭಿಷೇಕ್ ಪೋದ್ದಾರ್ ಅವರ ಸ್ವಂತ ಸಂಗ್ರಹದಿಂದ ಹುಟ್ಟಿದ್ದು. ನೋಡೋಕೆ ಜನ ಬರ್ತಾರೆ ಅನ್ನೋ ನಂಬಿಕೆ ಇದ್ದರೆ ಸಂಗ್ರಹ ಬೀಗದ ಕೋಣೆಯಿಂದ ಹೊರಗೆ ಬರುತ್ತೆ. ಆ ನಂಬಿಕೆ ಹುಟ್ಟಿಸೋದು ನಿಮ್ಮಂಥ ಕೊಳ್ಳದವರ ಕೆಲಸ.

ರಾಮಚಂದ್ರಯ್ಯ: ಹಾಗಾದರೆ ಗ್ಯಾಲರಿ ನಡೆಸುವವರ ಕೆಲಸ? ಗೋಡೆ ಮೇಲೆ ಅಂಟಿಸಿರೋ ಚೀಟಿಯ ಇಂಗ್ಲಿಷ್ ಓದೋಕೆ ನಾನು ಇನ್ನೊಂದು ಡಿಗ್ರಿ ಮಾಡಲೋ?

ಶ್ರೀನಿವಾಸ: ಅದರಲ್ಲಿ ನನ್ನ ವೋಟು ನಿಮಗೇ. ಆ ಚೀಟಿಗಳನ್ನ ಇಂಗ್ಲಿಷ್ ಬಲ್ಲವರೂ ಓದಿ ಮುಗಿಸೋದಿಲ್ಲ, ತಲೆ ಅಲ್ಲಾಡಿಸಿ ಮುಂದೆ ಹೋಗ್ತಾರೆ. ಕನ್ನಡದ ಊರಿನಲ್ಲಿ ಗ್ಯಾಲರಿ ನಡೆಸಿ, ಎರಡು ಸಾಲು ಕನ್ನಡದಲ್ಲಿ ಬರೆಯದೆ, ‘ಜನ ಬರೋದಿಲ್ಲ’ ಅಂತ ಕೊರಗೋದು ಸರಿಯಲ್ಲ. ನಿಮ್ಮಂಥವರು ಹತ್ತು ಜನ ಹೋಗಿ ‘ಕನ್ನಡದಲ್ಲಿ ಹಾಕ್ರೀ’ ಅಂದರೆ ಹಾಕ್ತಾರೆ, ಹಾಕಲೇಬೇಕಾಗುತ್ತೆ. ಹೋಗದೆ ಇಲ್ಲೇ ಕಾಫಿ ಕುಡೀತಾ ಅಂದರೆ ಅವರಿಗೆ ಕೇಳಿಸೋದು ಹೇಗೆ?

ರಾಮಚಂದ್ರಯ್ಯ: ಅರ್ಜಿ ಬರೆಯೋದು, ಬರೆಸೋದು ನನ್ನ ಕೈಗೆ ಪಳಗಿದ ಕೆಲಸ. ಸರಿ, ನಡಿ. ಮೊದಲು ಯಾವುದು? ಆ ವಿಲ್ಸನ್ ಗಾರ್ಡನ್ ಕಡೆ ಯಾವುದೋ ಒಂದು ಅಂತಿದ್ದೆಯಲ್ಲ?

ಶ್ರೀನಿವಾಸ: ಸುಮುಖ. 1996ರಿಂದ ನಡೀತಿದೆ... (ತಟ್ಟನೆ ನಿಂತು) ಭಾವ, ಇವತ್ತು ಯಾವ ವಾರ?

ರಾಮಚಂದ್ರಯ್ಯ: ಭಾನುವಾರ. ನಿನ್ನ ಸ್ಕೂಲಿಗೆ ರಜೆ, ಅದಕ್ಕೇ ಅಲ್ಲವೇ ನನ್ನನ್ನ ಎಳಕೊಂಡು ಬಂದದ್ದು?

ಶ್ರೀನಿವಾಸ: ಇಂಥ ಎಷ್ಟೋ ಗ್ಯಾಲರಿಗಳಿಗೂ ಭಾನುವಾರ ರಜೆ ಭಾವ. ಪ್ರದರ್ಶನ ಬದಲಾಯಿಸುವ ದಿನಗಳಲ್ಲೂ ಬಾಗಿಲು ಹಾಕಿರ್ತಾರೆ. ಮನೆಯೊಳಗಿನ ಸಂಗ್ರಹ ಆದರಂತೂ ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಳ್ಳಬೇಕು. ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿಕೊಂಡು ಹೋಗೋದು ಒಳ್ಳೆಯದು.